ಚಂದ್ರವ್ವನ ಮದುವೆಗೆ ನಾನಿದ್ದೆ

ದೇಸಾಯರು ತೀರಿಹೋಗಿ ಹನ್ನೆರಡು ವರ್ಷವಾದ ಮೇಲೂ ಚಂದ್ರವ್ವ ಎರಡೂ ಕೈತುಂಬ ಹಸಿರು ಗಾಜಿನ ಬಳೆ ಇಟ್ಟುಕೊಳ್ಳುತ್ತಿದ್ದಳು. ಹಣೆಯ ಮೇಲೆ ದೊಡ್ಡ ಕುಂಕುಮ. ಎಪ್ಪತ್ತು ದಾಟಿದ ಆಕೆ ಮೂಡಲಗಿ ಸಂತೆಯಲ್ಲಿ ಬಳೆಗಾರ್ತಿಯ ಮುಂದೆ ಕೈ ಚಾಚಿ ಕುಳಿತು, ಇನ್ನೂ ಬಿಗಿಯಾದದ್ದು ಏರಿಸು, ಸಡಿಲ ಬಳೆ ನನಗೆ ಬೇಡ ಎನ್ನುತ್ತಿದ್ದಳು. ಪಕ್ಕದ ಹೆಂಗಸರು ಮುಖ ತಿರುಗಿಸುತ್ತಿದ್ದರು. ಗಂಡ ಸತ್ತರೂ ಬಳೆ ತೆಗೆಯದ ಭಂಡಿ ಎಂದು ಕೆಲವರು ಅಂದರೆ, ಗಂಡನೇ ಇಲ್ಲದವಳಿಗೆ ಎಲ್ಲಿಯ ಬಳೆ ಎಂದು ಉಳಿದವರು ಅನ್ನುತ್ತಿದ್ದರು. ಆ ಬಳೆಗಳು ಆಕೆಯ ಕೈಯಲ್ಲಿ ಉಳಿಯುವುದಕ್ಕೆ ಕಾರಣ ನಾನು. ಅದನ್ನು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ನಾನು ಹುಕ್ಕೇರಿ ತಾಲೂಕಿನ ಒಬ್ಬ ದೇಸಾಯರ ಜೀಪಿನ ಡ್ರೈವರ್ ಆಗಿದ್ದೆ. ಊರಿನ ಹೆಸರು ಬೇಡ, ಕಣಗಲಾದಿಂದ ಬಹಳ ದೂರವಿಲ್ಲ ಎಂದರೆ ಸಾಕು. ಊರ ನಡುವೆ ಅವರ ವಾಡೆ, ಕಲ್ಲಿನ ದೊಡ್ಡ ಮನೆ. ಅಲ್ಲಿ ಅವರ ಹೆಂಡತಿ ಬಾಯಿಸಾಹೇಬರು ಮತ್ತು ಒಬ್ಬನೇ ಮಗ ಅಣ್ಣಾಸಾಹೇಬ ಇದ್ದರು. ಇತ್ತ ತುಕ್ಕಾನಟ್ಟಿಯ ಅರಿಷಿಣದ ತೋಟದಲ್ಲಿ ಚಂದ್ರವ್ವ ಇದ್ದಳು. ವಾರಕ್ಕೆ ಎರಡು ಸಲ ನಾನು ದೇಸಾಯರನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದೆ. ಆಕೆ ನನ್ನ ಓಣಿಯವಳೇ, ಕೂಲಿಯವರ ಮಗಳು, ನನಗಿಂತ ಮೂರು ನಾಲ್ಕು ವರ್ಷ ದೊಡ್ಡವಳು. ಸಣ್ಣ ವಯಸ್ಸಿನಲ್ಲೇ ಮದುವೆಯಾಗಿ, ಸಣ್ಣ ವಯಸ್ಸಿನಲ್ಲೇ ವಿಧವೆಯಾದವಳು. ದೇಸಾಯರು ಆಕೆಯನ್ನು ಇಟ್ಟುಕೊಂಡರು. ಊರಿನಲ್ಲಿ ಆಕೆಯ ಹೆಸರನ್ನು ಯಾರೂ ಹೇಳುತ್ತಿರಲಿಲ್ಲ. 'ಇಟ್ಕೊಂಡಾಕಿ' ಅಂದರೆ ಎಲ್ಲರಿಗೂ ತಿಳಿಯುತ್ತಿತ್ತು. ಹಾಗೆ ಕಳೆದ ಹದಿನಾರು ವರ್ಷವೂ ಆಕೆಯ ಕೈ ಬೋಳಾಗಿಯೇ ಇತ್ತು.

ಚಂದ್ರವ್ವ ಕೂತು ಉಣ್ಣುವ ಹೆಂಗಸಲ್ಲ. ಆಳುಗಳ ಜೊತೆ ತಾನೂ ಅರಿಷಿಣ ಅಗೆಯುತ್ತಿದ್ದಳು, ಕುದಿಸುತ್ತಿದ್ದಳು, ಕಣದಲ್ಲಿ ಹರವುತ್ತಿದ್ದಳು. ಆಕೆಯ ಅಂಗೈ ವರ್ಷವಿಡೀ ಹಳದಿ. ದೇಸಾಯರನ್ನು ಕೊನೆಯವರೆಗೂ 'ಸಾಹೇಬ್ರ' ಎಂದೇ ಕರೆದಳು. ಅವರ ಹಲ್ಲು ಬಿದ್ದ ಮೇಲೆ ಗೋಕಾಕದ ಕರದಂಟನ್ನು ಒರಳಿಗೆ ಹಾಕಿ ಕುಟ್ಟಿ, ಪುಡಿಯನ್ನು ಬಟ್ಟಲಲ್ಲಿಟ್ಟು ಚಮಚ ಕೊಡುತ್ತಿದ್ದಳು. ದೇಸಾಯರು ಮಗುವಿನಂತೆ ತಿನ್ನುತ್ತಿದ್ದರು. ವಾಡೆಯಲ್ಲಿ ಎಲ್ಲರನ್ನೂ ಗದರಿಸುವ ಮನುಷ್ಯ ಇವರೇನಾ ಎಂದು ನನಗೆ ಅನ್ನಿಸುತ್ತಿತ್ತು.

ಮಾತಿನಲ್ಲಿ ಆಕೆ ಯಾರಿಗೂ ಸೋಲುತ್ತಿರಲಿಲ್ಲ. ಒಮ್ಮೆ ಜೀಪು ಕೆಟ್ಟು, ನಾನೂ ಆಕೆಯೂ ಬಸ್ಸಿನಲ್ಲಿ ಗೋಕಾಕಕ್ಕೆ ಹೊರಟಿದ್ದೆವು. ಮೂವರ ಸೀಟಿನಲ್ಲಿ ಕುಳಿತ ಇಬ್ಬರು ಹೆಂಗಸರು ಆಕೆಯನ್ನು ಗುರುತಿಸಿ, ಜಾಗವಿದ್ದರೂ ಚೀಲ ಇಟ್ಟು ಅಡ್ಡ ಮಾಡಿದರು. ಚಂದ್ರವ್ವ ಚೀಲವನ್ನು ಎತ್ತಿ ಅವರ ತೊಡೆಯ ಮೇಲಿಟ್ಟು ಹೇಳಿದಳು: "ಸರೀರಿ ಯವ್ವಾ. ನಿಮ್ಮ ಗಂಡನ್ನ ಕಸ್ಕೊಳ್ಳಾಕ ಬಂದಿಲ್ಲ, ಕುಂಡ್ರಾಕ ಬಂದೇನಿ." ಕಂಡಕ್ಟರ್ ನಕ್ಕು ಟಿಕೆಟ್ ಹರಿಯುವುದನ್ನೇ ಮರೆತ.

ಬಾಯಿಸಾಹೇಬರು ಕಾಯಿಲೆಯಿಂದ ತೀರಿಕೊಂಡರು. ಎರಡು ವರ್ಷ ಕಳೆದ ಮೇಲೆ ದೇಸಾಯರು ಒಂದು ಸಂಜೆ ನಮ್ಮೂರ ಮಠದ ಅಯ್ಯನವರನ್ನು ಜೀಪಿನಲ್ಲಿ ಕೂರಿಸಿಕೊಂಡು ತುಕ್ಕಾನಟ್ಟಿಗೆ ಹೊರಡು ಎಂದರು. ಅಲ್ಲಿ ಹೋದ ಮೇಲೆ ವಿಷಯ ತಿಳಿಯಿತು. ನಮ್ಮ ಕಡೆ ಗಂಡ ಸತ್ತವಳಿಗೆ ಮತ್ತೆ ಮಾಡುವ ಮದುವೆಗೆ ಉಡಿಕಿ ಎನ್ನುತ್ತಾರೆ. ಅದಕ್ಕೆ ಹಂದರವಿಲ್ಲ, ವಾದ್ಯವಿಲ್ಲ. ದೀಪ ಹಚ್ಚುವ ಹೊತ್ತಿಗೆ ಹೊಸ ಸೀರೆ ಉಡಿಸಿ, ಹಸಿರು ಬಳೆ ಏರಿಸಿ, ತಾಳಿ ಕಟ್ಟಿ, ನಾಲ್ಕು ಅಕ್ಕಿಕಾಳು ಹಾಕಿದರೆ ಮುಗಿಯಿತು. ದೇಸಾಯರ ಮನೆತನದವರು ಉಡಿಕಿ ಮಾಡಿಕೊಂಡದ್ದನ್ನು ಯಾರೂ ಕೇಳಿರಲಿಲ್ಲ. ಅಯ್ಯನವರು ಹಿಂದೆಮುಂದೆ ನೋಡಿದರು.

ಓದುವ ಚಟವಿದ್ದ ದೇಸಾಯರು ಆಗ ಒಂದು ಕತೆ ಹೇಳಿದರು. "ಅಯ್ಯನವರ, ಜರ್ಮನಿ ದೇಶದಾಗೂ ಹಿಂಗ ಇತ್ತು. ಅಲ್ಲಿ ಒಬ್ಬ ದೊರಿ, ತಾ ಇಟ್ಕೊಂಡಾಕಿನ್ನ ಕಡೀಕ ಲಗ್ನಾ ಮಾಡ್ಕೊಂಡ. ಬಲಗೈ ಕೊಡಾಕ ಮಂದಿ ಒಪ್ಪಲಿಲ್ಲ. ಎಡಗೈ ಕೊಟ್ಟ ಮಾಡ್ಕೊಂಡ. ಆಕಿ ಹೆಂಡ್ತಿ ಆದ್ಲು, ರಾಣಿ ಆಗ್ಲಿಲ್ಲ."

ಹೊಸ ಸೀರೆಯಲ್ಲಿ ತಲೆತಗ್ಗಿಸಿ ಕುಳಿತಿದ್ದ ಚಂದ್ರವ್ವ ಮೆಲ್ಲಗೆ ಅಂದಳು: "ಯಾವ ಕೈಯರ ಇರ್ಲಿ ಸಾಹೇಬ್ರ. ಹಿಡದ ಮ್ಯಾಲ ಬಿಡಬಾರದು, ಅಷ್ಟ."

ಅಯ್ಯನವರು ನಕ್ಕುಬಿಟ್ಟರು. ತಾಳಿ ಕಟ್ಟಿದ್ದಾಯಿತು. ಸಾಕ್ಷಿಗೆ ಅಂತ ಇದ್ದವನು ನಾನೊಬ್ಬನೇ. ನನ್ನ ಕೈಯ ಅಕ್ಕಿಕಾಳು ಆಕೆಯ ತಲೆಯ ಮೇಲೆ ಬಿದ್ದದ್ದನ್ನು ನಾನು ಈ ಕಣ್ಣುಗಳಿಂದ ನೋಡಿದ್ದೇನೆ.

ಆಮೇಲೆ ಆ ಜರ್ಮನಿಯ ಹೆಂಗಸು ಚಂದ್ರವ್ವನಿಗೆ ಬೀಗರ ಪೈಕಿಯವಳಂತೆ ಆಗಿಬಿಟ್ಟಳು. ಜೀಪಿನಲ್ಲಿ ಹೋಗುವಾಗ ತಟ್ಟನೆ ಆಕೆಯ ಸುದ್ದಿ ತೆಗೆಯುವಳು. ಆಕೆಗೆ ಮಕ್ಕಳಿದ್ದವೋ ಇಲ್ಲವೋ, ಅತ್ತೆ ಮನೆಯವರು ಮಾತಾಡಿಸುತ್ತಿದ್ದರೋ ಇಲ್ಲವೋ. ಒಂದು ಸಲ, "ದೊರಿ ಸತ್ತ ಮ್ಯಾಲ ಆಕಿನ್ನ ಯಾರು ಕೇಳಿದ್ರು?" ಎಂದಳು. ಪುಸ್ತಕದಲ್ಲಿ ಅಷ್ಟು ಬರೆದಿಲ್ಲ ಎಂದು ದೇಸಾಯರು ಹೇಳಿದರು. ಅದನ್ನೇ ಬರೆಯದಿದ್ದರೆ ಅದೆಂಥ ಪುಸ್ತಕ ಎಂದು ಚಂದ್ರವ್ವ ಕಿಟಕಿಯ ಕಡೆ ತಿರುಗಿದಳು.

ಮದುವೆಯಾದ ತಿಂಗಳಲ್ಲಿ ದೇಸಾಯರು ಏನು ಬೇಕು ಕೇಳು ಎಂದಾಗ, ಗೋಕಾಕ ಫಾಲ್ಸ್ ನೋಡಬೇಕು ಎಂದಳು. ಕರೆದುಕೊಂಡು ಹೋದೆವು. ಆಗ ತೂಗುಸೇತುವೆಯ ಮೇಲೆ ಜನ ಓಡಾಡುತ್ತಿದ್ದರು. ದೇಸಾಯರು ಎಂದಿನಂತೆ ಮುಂದೆ, ಆಕೆ ನಾಲ್ಕು ಹೆಜ್ಜೆ ಹಿಂದೆ, ಛತ್ರಿ ಹಿಡಿದು ನಾನು ಇನ್ನೂ ಹಿಂದೆ. ಸೇತುವೆಯ ನಡುವೆ ಆಕೆ ನಿಂತುಬಿಟ್ಟಳು. ಕೆಳಗೆ ನೀರಿನ ಸದ್ದು. "ಸಾಹೇಬ್ರ, ಇವತ್ತರ ಬಾಜೂ ನಡೀರಿ" ಎಂದಳು. ದೇಸಾಯರು ಒಂದು ಕ್ಷಣ ನೋಡಿ, ತಿರುಗಿ ಬಂದು ಆಕೆಯ ಪಕ್ಕಕ್ಕೆ ನಿಂತರು. ಇಬ್ಬರೂ ಜೊತೆಯಾಗಿ ನಡೆದರು. ಎದುರಿಂದ ಪಾಳಿ ಮುಗಿಸಿ ಬರುತ್ತಿದ್ದ ಅಲ್ಲಿಯ ನೂಲಿನ ಗಿರಣಿಯ ಕೆಲಸಗಾರರು ಅವರಿಗೆ ದಾರಿ ಬಿಟ್ಟು ಓರೆಯಾಗಿ ನಿಂತರು.

ಅವರಲ್ಲಿ ನಮ್ಮ ಓಣಿಯವನೊಬ್ಬನಿದ್ದ. ನನ್ನನ್ನು ನೋಡಿ, "ಏನಪಾ ಭೀಮಪ್ಪ, ನಮ್ಮ ಓಣಿ ರಾಣಿಗೆ ಛತ್ರಿ ಹಿಡ್ಕೊಂಡ ಹೊಂಟೀಯಲ್ಲ" ಎಂದ. ಉಳಿದವರು ನಕ್ಕರು. ಆ ನಗೆ ನನ್ನೊಳಗೆ ಇಳಿದು ಅಲ್ಲೇ ಕುಳಿತುಬಿಟ್ಟಿತು. ಅವತ್ತಿನಿಂದ ಜೀಪಿನ ಬಾಗಿಲನ್ನು ದೇಸಾಯರಿಗೆ ತೆರೆಯುತ್ತಿದ್ದೆ, ಆಕೆಗೆ ತೆರೆಯುತ್ತಿರಲಿಲ್ಲ. ಆಕೆ ತಾನೇ ತೆರೆದುಕೊಂಡು ಹತ್ತುತ್ತಿದ್ದಳು. ಒಂದು ದಿನವೂ ದೂರಲಿಲ್ಲ. ಮಧ್ಯಾಹ್ನ ನನಗೆ ರೊಟ್ಟಿಯ ಮೇಲೆ ಬೆಣ್ಣೆ ಇಡುವುದನ್ನೂ ತಪ್ಪಿಸಲಿಲ್ಲ.

ಹನ್ನೆರಡು ವರ್ಷದ ಹಿಂದೆ ದೇಸಾಯರು ಗೋಕಾಕದ ಆಸ್ಪತ್ರೆಯಲ್ಲಿ ತೀರಿಕೊಂಡರು. ಅಯ್ಯನವರು ಅದಕ್ಕೂ ಮೊದಲೇ ತೀರಿಹೋಗಿದ್ದರು. ಶವವನ್ನು ನಾನೇ ವಾಡೆಗೆ ತಂದೆ. ಚಂದ್ರವ್ವ ಹಿಂದಿನ ಸೀಟಿನಲ್ಲಿ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಂದಳು. ಪಡಸಾಲೆಯಲ್ಲಿ ಶವ ಕೂರಿಸಿದರು. ಹೆಂಡತಿಯಾದವಳು ಶವದ ಹತ್ತಿರ ಕೂರಬೇಕು, ಅಲ್ಲಿ ಆಕೆಯ ಬಳೆ ತೆಗೆಯಬೇಕು. ಚಂದ್ರವ್ವ ಬಾಗಿಲವರೆಗೆ ಹೋಗಿ ನಿಂತಳು. ಹೆಂಗಸರು ಒಳಗೆ ಬಾ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಹೊರಗಿನ ಕಟ್ಟೆಯ ಮೇಲೆ ಐದು ಮಂದಿ ಹಿರಿಯರು ಕುಳಿತಿದ್ದರು. ಅವರಲ್ಲಿ ಅಣ್ಣಾಸಾಹೇಬನ ಸೋದರಮಾವನೇ ಮುಖ್ಯ. ಎಲ್ಲರೂ ಮಾಮಾಸಾಹೇಬ ಎನ್ನುತ್ತಿದ್ದರು. ಅಕ್ಕನ ಜಾಗದಲ್ಲಿ ಇನ್ನೊಬ್ಬಳು ಕೂರುವುದು ಅವರಿಗೆ ಬೇಕಿರಲಿಲ್ಲ. ಆದರೂ ನ್ಯಾಯ ಬಿಡದೆ ನನ್ನನ್ನು ಕರೆದು ಕೇಳಿದರು: "ಭೀಮಪ್ಪ, ಉಡಿಕಿ ಆಗೇತಿ ಅಂತಾಳ. ನೀ ನೋಡೀಯೇನು?"

ನಾನು ನೆಲ ನೋಡುತ್ತ ಅಂದೆ: "ನಾ ಹೊರಗ ಗಾಡಿ ಹಂತ್ಯಾಕ ಇದ್ನಿರಿ. ಒಳಗ ಏನಾತೋ ನೋಡಿಲ್ರಿ."

ವಾಡೆಯ ಜಾಗದಲ್ಲಿ ನನ್ನ ಮನೆ ಇತ್ತು, ಅದಕ್ಕೆ ಹೆದರಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ಮಾತ್ರ ಖರೆ. ಉಳಿದ ಅರ್ಧ ಹೇಳಲು ಈಗಲೂ ನಾಚಿಕೆಯಾಗುತ್ತದೆ. ಆ ಮಾತು ಆಡುವಾಗ ನನಗೆ ಒಳಗೆ ಒಂದು ಸಮಾಧಾನವಾಯಿತು. ನಮ್ಮ ಓಣಿಯವಳು ಮತ್ತೆ ನಮ್ಮ ಓಣಿಗೇ ಬಂದಳು ಎನ್ನುವಂಥ ಸಮಾಧಾನ.

ಚಂದ್ರವ್ವನಿಗೆ ಕೇಳಿಸಿತ್ತು. ಅಳಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಕಟ್ಟೆಯ ಮುಂದೆ ಬಂದು, "ಹಂಗಾರ ಈ ಬಳಿ ನನ್ನ ಕೈಯಾಗ ಇರ್ಲಿರಿ. ಹೆಂಡ್ತಿ ಅಲ್ಲದಾಕಿ ವಿಧವಿ ಹೆಂಗ ಆಕ್ಕಾಳ?" ಎಂದಳು. ಆಕೆ ನಡೆದು ಹೋದಳು. ತುಕ್ಕಾನಟ್ಟಿಯ ತೋಟ ಮೊದಲೇ ಆಕೆಯ ಹೆಸರಿಗಿತ್ತು, ಅದನ್ನು ಯಾರೂ ಕೇಳಲಿಲ್ಲ. ಆಕೆಗೆ ಬೇಕಾದದ್ದು ತೋಟವಾಗಿರಲಿಲ್ಲ.

ಕೆಲಸ ಬಿಟ್ಟು ನಾನು ಗೋಕಾಕಕ್ಕೆ ಬಂದು ಮಗನ ಜೊತೆ ಇದ್ದೇನೆ. ಈ ವರ್ಷ ಬೇಸಿಗೆಯಲ್ಲಿ ಧೈರ್ಯ ಮಾಡಿ ತುಕ್ಕಾನಟ್ಟಿಗೆ ಹೋದೆ. ಚಂದ್ರವ್ವನಿಗೆ ಒಂದು ಕಣ್ಣು ಕಾಣುತ್ತಿರಲಿಲ್ಲ, ಇನ್ನೊಂದು ಮಂಜಾಗಿತ್ತು. ದನಿಯಿಂದಲೇ ನನ್ನನ್ನು ಗುರುತಿಸಿ ಕಂಬಳಿ ಹಾಸಿದಳು, ಮಜ್ಜಿಗೆ ಕೊಟ್ಟಳು. ಮಜ್ಜಿಗೆ ಕುಡಿಯಲಾಗದೆ, ನಾನು ಅವತ್ತು ಸುಳ್ಳು ಹೇಳಿದೆ ಅಕ್ಕಾ, ನನ್ನನ್ನು ಮಾಫ್ ಮಾಡು ಎಂದೆ.

ಆಕೆ ನನ್ನ ಕೈಯಿಂದ ಲೋಟ ತೆಗೆದು ಕೆಳಗಿಟ್ಟಳು. ಆಮೇಲೆ ಅಂದಳು: "ನನಗ ಹೇಳಾಕ ಯಾಕ ಬಂದಿ ತಮ್ಮಾ? ನನಗ ಗೊತ್ತಿಲ್ಲೇನು, ನನ್ನ ಲಗ್ನಾ ಆಗಿದ್ದು? ಎಲ್ಲಿ ಇಲ್ಲ ಅಂದೀಯೋ ಅಲ್ಲಿ ಹೋಗಿ ಹೌದು ಅನ್ನು. ಸಾಹೇಬ್ರನ್ನ ಮಣ್ಣ ಮಾಡಿದಲ್ಲಿ ಬಾಜೂಕ ಜಾಗಾ ಐತಿ. ಸತ್ತ ಮ್ಯಾಲ ನನಗ ಬೇಕಾಗಿದ್ದು ಅಷ್ಟ. ಅದು ನಿನ್ನ ಮಾತಿನ ಮ್ಯಾಲ ನಿಂತೈತಿ."

ನಾಳೆಯೇ ಹೋಗುತ್ತೇನೆ ಎಂದೆ. ಮರುದಿನ ಮೊಣಕಾಲು ನೋಯುತ್ತಿತ್ತು. ಆಮೇಲೆ ಮೊಮ್ಮಗಳ ನಿಶ್ಚಯ ಬಂತು. ಆಮೇಲೆ ಮಳೆ. ಊರಿನವರ ಮುಂದೆ ಈ ವಯಸ್ಸಿನಲ್ಲಿ ಸುಳ್ಳುಗಾರ ಎನ್ನಿಸಿಕೊಳ್ಳಬೇಕಲ್ಲ ಎಂಬುದೇ ನಿಜವಾದ ನೋವು. ಹೀಗೆ ಮೂರು ತಿಂಗಳು ಹೋಯಿತು.

ಒಂದು ಗುರುವಾರ ಬೆಳಿಗ್ಗೆ ಯಾರಿಗೂ ಹೇಳದೆ ನಮ್ಮೂರಿನ ಬಸ್ಸು ಹತ್ತಿದೆ. ಅವತ್ತು ಕಟ್ಟೆಯ ಮೇಲಿದ್ದ ಐವರು ಹಿರಿಯರಲ್ಲಿ ಮಾಮಾಸಾಹೇಬರೊಬ್ಬರೇ ಉಳಿದಿದ್ದರು. ಅದೇ ಕಟ್ಟೆಯ ಮೇಲೆ ಬಿಸಿಲು ಕಾಯಿಸುತ್ತ ಕುಳಿತಿದ್ದರು. ಕೈಮುಗಿದು, ನನ್ನ ಮಾತು ಹೇಳಿದೆ. ಅವರು ಕಿವಿಗೆ ಕೈ ಇಟ್ಟುಕೊಂಡು ಏನು ಎಂದರು. ಅವರ ಕಿವಿ ಪೂರಾ ಮಂದವಾಗಿತ್ತು. ಸ್ವಲ್ಪ ಜೋರಾಗಿ ಹೇಳಿದೆ. ಮತ್ತೆ ಏನು ಎಂದರು. ಸುಳ್ಳನ್ನು ನೆಲ ನೋಡುತ್ತ ಮೆಲ್ಲಗೆ ಹೇಳಿ ಮುಗಿಸಿದ್ದೆ. ಖರೆಯನ್ನು ಕೂಗಿ ಹೇಳಬೇಕಾಯಿತು.

"ದೇಸಾಯರು ಚಂದ್ರವ್ವನ ಕೂಡ ಉಡಿಕಿ ಆಗಿದ್ದು ನಾ ನೋಡೇನ್ರಿ. ಅವತ್ತ ನಾ ಸುಳ್ಳ ಹೇಳಿದ್ನಿರಿ."

ಎದುರಿನ ಹಿಟ್ಟಿನ ಗಿರಣಿಯಿಂದ ಜನ ಹೊರಬಂದರು. ಹೆಂಗಸರು ಬಾಗಿಲಿಗೆ ಬಂದು ನಿಂತರು. ಈ ಸಲ ಮಾಮಾಸಾಹೇಬರಿಗೆ ಕೇಳಿಸಿತು. ಅವರು ಸಿಟ್ಟಾಗಲಿಲ್ಲ. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಕಿವುಡರು ಜೋರಾಗಿ ಮಾತಾಡುತ್ತಾರೆ, ಇವರು ಮಾತ್ರ ಬಹಳ ಮೆಲ್ಲಗೆ ಮಾತಾಡಿದರು.

"ಆಕಿ ಮಂಗಳವಾರ ತೀರ್ಕೊಂಡ್ಲು, ಭೀಮಪ್ಪ. ಅಣ್ಣಾಸಾಹೇಬ ನನ್ನ ಹಂತ್ಯಾಕ ಬಂದಿದ್ದ. ಅಪ್ಪಾರ ಬಾಜೂಕ ಇಡೂಣೇನು ಮಾಮಾ, ಲಗ್ನಾ ನೋಡಿದವರು ಯಾರರ ಅದಾರೇನು ಅಂತ ಕೇಳಿದ. ಯಾರೂ ಇಲ್ಲ ಅಂದ್ನಿ. ತುಕ್ಕಾನಟ್ಟಿಯಾಗ ಮಣ್ಣ ಕೊಟ್ಟ ಬಂದ."