ರಷ್ಯಾದ ಓದಿಗೆ ಅಮ್ಮ ತೆತ್ತದ್ದು

ತಮಿಳುನಾಡಿನ ಬಾಗಲೂರಿನ ಪಕ್ಕದ ನಮ್ಮ ಹಳ್ಳಿಗೆ ಕರ್ನಾಟಕದ ಗಡಿ ಕೂಗಳತೆ ದೂರ. ಎಂಬತ್ತರ ದಶಕದ ಮೊದಲಲ್ಲಿ ನಾನು ಹೊಸೂರಿನಲ್ಲಿ ಹನ್ನೆರಡನೇ ತರಗತಿ ಮುಗಿಸಿದಾಗ ಆ ಗಡಿ ಏನೆಂದು ಮೊದಲ ಸಲ ಗೊತ್ತಾಯಿತು. ಮದರಾಸಿನಲ್ಲಿ ಮೆಡಿಕಲ್ ಸೀಟಿಗೆ ನನ್ನ ಅಂಕ ಸ್ವಲ್ಪದರಲ್ಲಿ ಸಾಲಲಿಲ್ಲ. ಬೆಂಗಳೂರಿನಲ್ಲಿ ವಿಚಾರಿಸಿದರೆ, ನೀವು ತಮಿಳುನಾಡಿನವರು ಎಂದರು. ಮನೆಯಲ್ಲಿ ಕನ್ನಡ ಆಡುತ್ತೇವೆ ಎನ್ನುವುದು ಅಲ್ಲಿ ಲೆಕ್ಕಕ್ಕೆ ಬರಲಿಲ್ಲ.

ಆಗ ನನ್ನ ಜೀವಶಾಸ್ತ್ರದ ಮೇಷ್ಟ್ರು ಒಂದು ಸುದ್ದಿ ತಂದರು. ಸೋವಿಯತ್ ರಷ್ಯಾದಲ್ಲಿ ವೈದ್ಯಕೀಯ ಓದಲು ವಿದ್ಯಾರ್ಥಿವೇತನ ಕೊಡುತ್ತಾರೆ, ಮದರಾಸಿನಲ್ಲಿ ಸಂದರ್ಶನ ಇದೆ ಎಂದು. ಅಪ್ಪನ ಜೊತೆ ಹೋಗಿ ಬಂದೆ. ಆಯ್ಕೆಯಾದೆ. ಫೀಸಿಲ್ಲ, ಹಾಸ್ಟೆಲಿಗೆ ದುಡ್ಡಿಲ್ಲ, ಊಟಕ್ಕೆ ತಿಂಗಳು ತಿಂಗಳು ಅವರೇ ಸ್ವಲ್ಪ ಹಣ ಕೊಡುತ್ತಾರೆ. ಹೋಗುವ ಖರ್ಚು, ಬಟ್ಟೆಬರೆ ಮಾತ್ರ ನಮ್ಮದು. ನಾನು ಕುಣಿಯುತ್ತಾ ಇದನ್ನೆಲ್ಲ ಹೇಳಿದಾಗ ಅಪ್ಪ ಕೇಳಿದ್ದು ಒಂದೇ ಮಾತು.

"ವಿಮಾನದ ಚಾರ್ಜು ಬಸ್ ಚಾರ್ಜಿನಂಗೆ ಹತ್ತಿದ್ಮೇಲೆ ಕೊಡೋದಾ, ಮೊದ್ಲೇ ಕೊಡೋದಾ?"

ಅಪ್ಪ ಹೊಲ ನೋಡಿಕೊಂಡು, ಜೊತೆಗೆ ಹೊಸೂರಿನ ಮೋಟಾರು ಕಾರ್ಖಾನೆಯೊಂದರಲ್ಲಿ ಹೆಲ್ಪರ್ ಆಗಿದ್ದರು. ಹೊಸ ಮನೆ ಕಟ್ಟಬೇಕೆಂದು ಕೆರೆಯ ಮಣ್ಣು ತಂದು ಇಟ್ಟಿಗೆ ಸುಡಿಸಿ ಮನೆಯ ಹಿಂದೆ ಪೇರಿಸಿಟ್ಟಿದ್ದರು. ಹೊಸೂರಿನಲ್ಲಿ ಆಗ ಎಲ್ಲಿ ನೋಡಿದರೂ ಕಟ್ಟಡ ಏಳುತ್ತಿತ್ತು. ಇಟ್ಟಿಗೆಗೆ ಗಿರಾಕಿ ಹುಡುಕುವುದು ಕಷ್ಟವಾಗಲಿಲ್ಲ. ಲಾರಿ ತುಂಬುವಾಗ ಅಮ್ಮ ತಾನೂ ಸೆರಗು ಸುತ್ತಿಕೊಂಡು ಇಟ್ಟಿಗೆ ಎತ್ತಿಕೊಟ್ಟಳು. "ಈ ಮಣ್ಣಿನ ಗೋಡೆ ಇನ್ನೂ ಗಟ್ಟಿಯಾಗೈತೆ ಬುಡು," ಎಂದಳು. ಅದಕ್ಕೆ ಅವಳು ಅತ್ತದ್ದನ್ನು ನಾನು ನೋಡಲಿಲ್ಲ.

ಅವಳ ಕಣ್ಣಲ್ಲಿ ನೀರು ಬಂದದ್ದು ಮಾವ ಬಂದ ದಿನ. ಮಾವ ಅಂದರೆ ಅಮ್ಮನ ಒಬ್ಬನೇ ತಮ್ಮ. ಸಾನಮಾವಿನ ಕಾಡಂಚಿನ ಹಳ್ಳಿಯಲ್ಲಿ ರಾಗಿ, ಹುರುಳಿ ಬೆಳೆದುಕೊಂಡು, ಆನೆ ಬಂದರೆ ತಮಟೆ ಬಡಿದು ಓಡಿಸಿಕೊಂಡು ಇದ್ದವನು. ನಮ್ಮ ಕಡೆ ಅಕ್ಕನ ಮಗಳನ್ನು ತಮ್ಮನಿಗೆ ಕೊಡುವುದು ವಾಡಿಕೆ. ನಾನು ತೊಟ್ಟಿಲಲ್ಲಿದ್ದಾಗಲೇ ಅಮ್ಮ ಅವನಿಗೆ ಮಾತು ಕೊಟ್ಟಿದ್ದಳಂತೆ. ಅಜ್ಜಿಯೂ ಅದನ್ನೇ ನಂಬಿಕೊಂಡಿದ್ದಳು.

ಮಾವ ಊಟಕ್ಕೆ ಕುಳಿತವನು ತುತ್ತು ಎತ್ತದೆ ಕೇಳಿದ. "ಅಕ್ಕ, ನಂಗೆ ಕೊಡ್ತೀನಿ ಅಂತ ಹೇಳಿದ್ದೆ. ಈಗ ನೋಡಿದ್ರೆ ರಷ್ಯಾಗೆ ಕಳಿಸ್ತೀನಿ ಅಂತೀಯ."

"ಹೇಳಿದ್ದೆ ಕಣಪ್ಪ," ಎಂದಳು ಅಮ್ಮ. "ಆಗ ಅವ್ಳಿಗೆ ಮಾತು ಬತ್ತಿರ್ಲಿಲ್ಲ. ಈಗ ಬತ್ತದೆ. ಅವ್ಳನ್ನೇ ಕೇಳು."

ಮಾವ ನನ್ನ ಕಡೆ ತಿರುಗಿದ. ಚಿಕ್ಕವಳಿದ್ದಾಗ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಕಾಡಿನಂಚಿಗೆ ಒಯ್ದು ಕಾರೆಹಣ್ಣು ಕಿತ್ತುಕೊಟ್ಟವನು ಅವನು. "ನಾನು ಓದ್ಬೇಕು ಮಾವ," ಎಂದಷ್ಟೇ ಹೇಳಲಾಯಿತು.

ಅವನು ತಟ್ಟೆಯಲ್ಲೇ ಕೈ ತೊಳೆದು ಎದ್ದ. "ಸರಿ ಅಕ್ಕ. ಇನ್ಮೇಲೆ ಈ ಹೊಸ್ಲು ನಾನು ತುಳಿಯಲ್ಲ," ಎಂದು ಹೇಳಿ ಹೊರಟುಹೋದ. ಅಮ್ಮ ಬಾಗಿಲ ತನಕ ಹೋದಳು. ಕರೆಯದೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಹೊರಡುವ ಮೊದಲು ಕೋಟಿನ ಪ್ರಶ್ನೆ ಬಂತು. ಅಲ್ಲಿ ನೀರು ಕೂಡ ಕಲ್ಲಾಗುತ್ತದೆ ಎಂದು ಮೇಷ್ಟ್ರು ಹೇಳಿದ್ದರು. ಮದರಾಸಿನಲ್ಲಿ ಕೊಳ್ಳುವ ಓವರ್‌ಕೋಟಿನ ಬೆಲೆ ಕೇಳಿ ಅಪ್ಪ ಎರಡು ಒಳ್ಳೆಯ ಕರೀಕಂಬಳಿ ತಂದರು. ಕಾರ್ಖಾನೆಯವರಿಗೆ ಖಾಕಿ ಯೂನಿಫಾರಂ ಹೊಲಿಯುತ್ತಿದ್ದ ಹೊಸೂರಿನ ದರ್ಜಿಯೊಬ್ಬ, ಸಿನಿಮಾದಲ್ಲಿ ಮಾತ್ರ ಓವರ್‌ಕೋಟು ನೋಡಿದ್ದವನು, ಧೈರ್ಯ ಮಾಡಿ ಕತ್ತರಿ ಹಾಕಿದ. ಎರಡು ಸೂಜಿ ಮುರಿದವು. ಕೊನೆಗೆ ಹಾಕಿಕೊಂಡು ನಿಂತರೆ ಕನ್ನಡಿಯಲ್ಲಿ ನಾನು ಕರಡಿಯ ಹಾಗೆ ಕಂಡೆ. "ಪರವಾಯಿಲ್ಲೆ," ಎಂದ ದರ್ಜಿ, ತಮಿಳಿನಲ್ಲಿ. ಅಪ್ಪ ಮಾತ್ರ ಬಲು ಚೆನ್ನಾಗಿದೆ ಎಂದರು.

ನಾನು ಸೇರಿದ್ದು ದಕ್ಷಿಣ ರಷ್ಯಾದ ಒಂದು ಪಟ್ಟಣ. ಮೊದಲ ವರ್ಷ ಬರೀ ಭಾಷೆ. ಅದು ನನಗೆ ಅಷ್ಟು ಭಾರವಾಗಲಿಲ್ಲ. ಮನೆಯಲ್ಲಿ ಕನ್ನಡ, ಎದುರು ಮನೆಯಲ್ಲಿ ತೆಲುಗು, ಸ್ಕೂಲಿನಲ್ಲಿ ತಮಿಳು, ಪುಸ್ತಕದಲ್ಲಿ ಇಂಗ್ಲಿಷು ಎಂದು ಬೆಳೆದವಳಿಗೆ ತಪ್ಪು ಮಾತಾಡಲು ನಾಚಿಕೆಯಿರಲಿಲ್ಲ. ಒಂದೇ ಭಾಷೆಯಲ್ಲಿ ಬೆಳೆದ ಸಹಪಾಠಿಗಳು ವಾಕ್ಯ ಸರಿಯಾಗುವ ತನಕ ಬಾಯಿ ಬಿಡದೆ ಕೂತಿದ್ದರೆ, ನಾನು ಬ್ರೆಡ್ ಅಂಗಡಿಯವಳ ಜೊತೆ ಸಂಕ್ರಾಂತಿಯ ಹೊತ್ತಿಗೆ ಜಗಳವಾಡುವಷ್ಟು ಕಲಿತಿದ್ದೆ.

ಕೋಟು ಮಾತ್ರ ಕೈಕೊಟ್ಟಿತು. ಮೈಮೇಲೆ ಬಿದ್ದ ಹಿಮ ಬಿಸಿ ಕೋಣೆಗೆ ಬಂದಾಗ ಕರಗಿ ಕಂಬಳಿಗೆ ಇಳಿಯಿತು. ಮತ್ತೆ ಹೊರಗೆ ಹೋದರೆ ಅದೇ ಗಟ್ಟಿಯಾಗಿ ಹಲಗೆಯಂತೆ ನಿಂತಿತು. ಒಣಗಲು ಹಾಕಿದಾಗ ಇಡೀ ಹಾಸ್ಟೆಲಿಗೆ ಕುರಿಯ ವಾಸನೆ. ಹುಡುಗಿಯರು ಮೂಗು ಮುಚ್ಚಿಕೊಂಡರು. ಬಾಗಿಲು ಕಾಯುತ್ತಿದ್ದ ಮುದುಕಿ ಮಾತ್ರ ಎದ್ದು ಬಂದು ಕೋಟಿಗೆ ಮುಖ ಒತ್ತಿ ಮೂಸಿದಳು. ತಾನೂ ಹಳ್ಳಿಯವಳು, ತನ್ನ ತಂದೆಗೆ ಕುರಿಗಳಿದ್ದವು ಎಂದಳು. ಅದನ್ನು ಮನೆಗೆ ಒಯ್ದು, ಒಳಗೆ ಹಳೆಯ ತುಪ್ಪಳದ ಅಸ್ತರಿ, ಮೇಲೆ ನೀರಿಳಿಯದ ದಪ್ಪ ಬಟ್ಟೆ ಹೊಲಿದು ತಂದುಕೊಟ್ಟಳು. ದುಡ್ಡು ಕೊಡಲು ಹೋದರೆ ಬೈದಳು. ಅವಳನ್ನು ನಾನು ಕನ್ನಡದಲ್ಲೇ ಅಜ್ಜಿ ಎಂದು ಕರೆಯುತ್ತಿದ್ದೆ. ಆ ಹೆಸರಿಗೆ ಅವಳು ಓಗೊಡುತ್ತಿದ್ದಳು.

ಮನೆಗೆ ಬಂದು ಹೋಗಲು ಹಣ ಇರಲಿಲ್ಲ. ಬೇಸಿಗೆಯ ರಜೆಯಲ್ಲಿ ವಿದ್ಯಾರ್ಥಿಗಳನ್ನು ಸಾಮೂಹಿಕ ಹೊಲಗಳಿಗೆ ಕೆಲಸಕ್ಕೆ ಕರೆದೊಯ್ಯುತ್ತಾರೆ, ಕೂಲಿ ಕೊಡುತ್ತಾರೆ ಎಂದು ತಿಳಿದು ಹೆಸರು ಕೊಟ್ಟೆ. ಟೊಮೇಟೊ ಬಿಡಿಸುವ ಕೆಲಸ. ಬಾಗಲೂರಿನ ಹುಡುಗಿಗೆ ಟೊಮೇಟೊ ಬಿಡಿಸಲು ಯಾರು ಹೇಳಿಕೊಡಬೇಕು? ಪಟ್ಟಣದ ಹುಡುಗರು ಸಾಲು ಮುಗಿಸುವ ಮೊದಲೇ ಸೊಂಟ ಹಿಡಿದು ಕೂತರೆ ನಾನು ಮುಂದಿನ ಸಾಲಿನಲ್ಲಿರುತ್ತಿದ್ದೆ. ಮುಂದಾಳು ಬಂದು, ನೀನು ಯಾವ ಕಾಲೇಜಿನಲ್ಲಿ ಇದನ್ನು ಓದಿದ್ದು ಎಂದು ಕೇಳಿದ. ಹೀಗೆ ಎರಡು ಬೇಸಿಗೆ ದುಡಿದು ಮೂರನೆಯ ಬೇಸಿಗೆಗೆ ಟಿಕೆಟ್ ಕೊಂಡೆ.

ಬಾಗಲೂರಿನಲ್ಲಿ ಬಸ್ಸಿಳಿದು ನಡೆದು ಬಂದೆ. ಅಮ್ಮ ರಾಗಿ ಹೊಲದಲ್ಲಿ ಕಳೆ ಕೀಳುತ್ತಿದ್ದಳು. ತಲೆಯೆತ್ತಿ, ಕಣ್ಣಿಗೆ ಕೈ ಅಡ್ಡ ಹಿಡಿದು, "ಯಾರಮ್ಮ ಅದು?" ಎಂದಳು. ನಾನು ಅಷ್ಟು ದಪ್ಪಗಾಗಿದ್ದೆ.

ಮನೆಯಲ್ಲಿ ಎಲ್ಲ ಚೆನ್ನಾಗಿದೆ ಎಂದೇ ಹೇಳಿದರು. ತಂಗಿ ಮಾತ್ರ ಹಿತ್ತಲಿಗೆ ಕರೆದು ಬಾಯಿ ಬಿಟ್ಟಳು. "ಅಕ್ಕ, ನೀನು ಹೋದಾಗಿಂದ ಮಾವ ಬಂದೇ ಇಲ್ಲ. ಗೌರಿ ಹಬ್ಬಕ್ಕೆ ಬಾಗಿನ ಬರ್ಲಿಲ್ಲ. ಅಜ್ಜಿನೂ ಬರ್ಲಿಲ್ಲ. ಅಮ್ಮ ಹಬ್ಬದ ದಿನ ಬೇಕೂಂತ ಹೊಲಕ್ಕೆ ಹೋಗ್ಬುಡ್ತಾಳೆ."

ಮಾವ ಅಂದು ಆಡಿದ ಮಾತನ್ನು ಇಷ್ಟು ವರ್ಷ ಹಿಡಿದುಕೊಂಡಿದ್ದು ನನಗೆ ಗೊತ್ತೇ ಇರಲಿಲ್ಲ. ಇಟ್ಟಿಗೆ ಹೋದದ್ದು ಗೊತ್ತಿತ್ತು, ಅಪ್ಪ ಎರಡು ಶಿಫ್ಟ್ ಮಾಡಿದ್ದು ಗೊತ್ತಿತ್ತು. ನನ್ನ ಓದಿಗಾಗಿ ಅಮ್ಮ ತವರನ್ನೇ ಬಿಟ್ಟುಕೊಟ್ಟು ಸುಮ್ಮನಿದ್ದಳು. ಮಾರನೆಯ ದಿನ ಬೆಳಿಗ್ಗೆಯೇ, ಯಾರಿಗೂ ಹೇಳದೆ, ಸಾನಮಾವಿನ ಕಡೆಗೆ ಬಸ್ಸು ಹತ್ತಿದೆ.

ಮಾವನಿಗೆ ಅಷ್ಟರಲ್ಲಿ ಮದುವೆಯಾಗಿತ್ತು. ಅತ್ತೆ ನನಗಿಂತ ಚಿಕ್ಕವಳು. ಮಡಿಲಲ್ಲಿ ಹಸುಗೂಸು. ಅಜ್ಜಿ ನನ್ನನ್ನು ತಬ್ಬಿಕೊಂಡು ಅತ್ತಳು. ಮಾವ ಜಗಲಿಯಲ್ಲಿ ಹಗ್ಗ ಹೊಸೆಯುತ್ತಾ ತಲೆ ಎತ್ತಲಿಲ್ಲ. ಮಗುವನ್ನು ಎತ್ತಿಕೊಂಡಾಗ ನೋಡಿದೆ: ಎರಡು ಪಾದಗಳೂ ಒಳಕ್ಕೆ ತಿರುಚಿಕೊಂಡಿದ್ದವು. ಅಜ್ಜಿ ದಿನಾ ಎಣ್ಣೆ ಹಚ್ಚಿ ನೀವುತ್ತಿದ್ದಳಂತೆ. ಊರವರು ಯಾವುದೋ ಶಾಪ ಎಂದು ಆಡಿಕೊಂಡಿದ್ದರಂತೆ.

ನಮ್ಮ ಕಾಲೇಜಿನ ಆಸ್ಪತ್ರೆಯಲ್ಲಿ ಇಂಥ ಪಾದಗಳನ್ನು ಕಂಡಿದ್ದೆ. "ಇದು ಶಾಪ ಅಲ್ಲ ಮಾವ. ಮಗು ಎಳೇದಾಗಿರೋವಾಗ್ಲೇ ವಾರ ವಾರ ಬ್ಯಾಂಡೇಜು ಹಾಕಿ ಸ್ವಲ್ಪ ಸ್ವಲ್ಪವಾಗಿ ನೆಟ್ಟಗೆ ಮಾಡ್ತಾರೆ. ತಡ ಮಾಡ್ಬಾರ್ದು," ಎಂದೆ.

ಆಗ ಅವನು ಮೊದಲ ಸಲ ಮಾತಾಡಿದ. "ನೀನಿನ್ನೂ ಡಾಕ್ಟ್ರಾಗಿಲ್ವಲ್ಲ."

"ಇಲ್ಲ. ಅದ್ಕೇ ನಾನು ಮಾಡಲ್ಲ. ಮಾಡೋರ ಹತ್ರ ಕರ್ಕೊಂಡು ಹೋಗ್ತೀನಿ."

ಅವನು ಹಗ್ಗವನ್ನು ಕೆಳಗಿಟ್ಟ. ಅತ್ತೆ ಅವನ ಮುಖವನ್ನೇ ನೋಡುತ್ತಿದ್ದಳು.

ಆ ವಾರವೇ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಹೋದೆವು. ಡಾಕ್ಟರು ಮಗುವಿನ ಎರಡೂ ಕಾಲಿಗೆ ಪ್ಲಾಸ್ಟರ್ ಹಾಕಿ, ಪ್ರತಿ ವಾರ ತಪ್ಪದೆ ಬರಬೇಕು ಎಂದರು. ಮಾವನ ಹಳ್ಳಿಗೆ ಬಸ್ಸಿರಲಿಲ್ಲ. ಬೆಂಗಳೂರಿನಿಂದ ಬಂದು, ಕತ್ತಲಾದ ಮೇಲೆ ಆನೆ ಓಡಾಡುವ ದಾರಿಯಲ್ಲಿ ಕೂಸು ಹೊತ್ತು ನಡೆಯುವುದು ಆಗದ ಮಾತು. ಉಳಿದಿದ್ದು ನಮ್ಮ ಮನೆಯೊಂದೇ. ಬಾಗಲೂರಿನಲ್ಲಿ ಇಳಿದು ನಾವು ಮನೆಯ ಮುಂದೆ ನಿಂತೆವು. ಅತ್ತೆ ಮಗುವಿನೊಂದಿಗೆ ಒಳಗೆ ಹೋದಳು. ಮಾವ ಅಂಗಳದಲ್ಲೇ ನಿಂತ.

ಅಮ್ಮ ಬಾಗಿಲಿಗೆ ಬಂದಳು. ಹಳೆಯದೇನನ್ನೂ ಎತ್ತಲಿಲ್ಲ. "ಬಾರಪ್ಪ ಒಳಕ್ಕೆ. ಕಾಲು ತೊಳ್ಕೊ, ಬಿಸ್ನೀರು ಐತೆ."

ಅವನು ಕಾಲು ತೊಳೆದುಕೊಂಡು ಒಳಗೆ ಬಂದು ಗೋಡೆಗೊರಗಿ ಕುಳಿತ. "ಅಕ್ಕ, ನಾನು ಅಂಗೆ ಎದ್ದು ಹೋಗ್ಬಾರ್ದಾಗಿತ್ತು," ಎಂದ. "ಊಟ ಮಾಡು," ಎಂದಳು ಅಮ್ಮ. ಅವನು ಮುದ್ದೆ ಮುಗಿಸಿ ಇನ್ನೊಂದು ಕೇಳಿದ. ಅದನ್ನು ಬಡಿಸುವಾಗ ಅಮ್ಮನ ಮುಖದಲ್ಲಿ ಕಂಡ ಬೆಳಕನ್ನು ನಾನು ರಷ್ಯಾಕ್ಕೆ ಹೊತ್ತುಕೊಂಡು ಹೋದೆ. ಪ್ಲಾಸ್ಟರಿನ ತಿಂಗಳುಗಳೆಲ್ಲ ಅತ್ತೆ, ಮಗು ನಮ್ಮ ಮನೆಯಲ್ಲೇ ಇದ್ದರು. ಆ ವರ್ಷ ಗೌರಿ ಹಬ್ಬಕ್ಕೆ ಮಾವ ಅಜ್ಜಿಯನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಬಾಗಿನ ತಂದನಂತೆ.

ಓದು ಮುಗಿಸಿ ಎಂಬತ್ತರ ದಶಕದ ಕೊನೆಗೆ ಬಂದೆ. ಮಾವನ ಕೂಸು ಆಗ ನೆಟ್ಟಗಿನ ಪಾದ ಊರಿ ಓಡಾಡುತ್ತಿತ್ತು. ಕೃಷ್ಣಗಿರಿಯ ಸರ್ಕಾರಿ ಆಸ್ಪತ್ರೆಯಲ್ಲಿ ತರಬೇತಿ. ಮೊದಲ ದಿನ ಒಬ್ಬ ಮುದುಕಿಗೆ ಎಲ್ಲಿ ನೋವು ಎಂದು ರಷ್ಯನ್ನಿನಲ್ಲಿ ಕೇಳಿಬಿಟ್ಟೆ. ಅವಳು ತೆಲುಗಿನಲ್ಲಿ, ಈ ಡಾಕ್ಟರಮ್ಮ ಯಾವೂರಿನವಳು ಎಂದು ನರ್ಸಿಗೆ ಕೇಳಿದಳು. ಬಾಗಲೂರು ಎಂದು ನಾನೇ ತೆಲುಗಿನಲ್ಲಿ ಹೇಳಿದಾಗ ಮುದುಕಿ ನಕ್ಕು ಕೈ ಚಾಚಿದಳು.

ಒಂದು ಭಾನುವಾರ ಅಪ್ಪನ ಜೊತೆ ಕೆಲಸ ಮಾಡುವವರೊಬ್ಬರು ಮಗಳನ್ನು ಕರೆದುಕೊಂಡು ಮನೆಗೆ ಬಂದರು. ಹುಡುಗಿಗೆ ಹೊರದೇಶದಲ್ಲಿ ಡಾಕ್ಟರಿ ಓದುವ ಆಸೆ. "ಎಷ್ಟು ಖರ್ಚಾಗ್ತೈತೆ ಅಣ್ಣ?" ಎಂದು ಅವರು ಅಪ್ಪನನ್ನು ಕೇಳಿದರು.

ಟಿಕೆಟ್ಟು, ಬಟ್ಟೆ, ಕೈಖರ್ಚು ಎಂದು ಅಪ್ಪ ಎಲ್ಲ ವಿವರವಾಗಿ ಹೇಳಿದರು. ಆಮೇಲೆ, "ನಂಗೆ ಗೊತ್ತಿರೋದು ಇಷ್ಟೇ ಕಣಪ್ಪ. ಮಿಕ್ಕಿದ್ದು ಇವ್ಳಮ್ಮನ್ನ ಕೇಳ್ಬೇಕು," ಎಂದರು.

ಅಮ್ಮ ಹುಡುಗಿಯ ಕೈ ಹಿಡಿದು ಅಡುಗೆಮನೆಗೆ ಕರೆದೊಯ್ದು ಮಣೆ ಹಾಕಿ ಕೂರಿಸಿದಳು. ಇಬ್ಬರೂ ಬಹಳ ಹೊತ್ತು ಮಾತಾಡಿದರು. ಮೊದಮೊದಲು ಮಾವ ಎದ್ದು ಹೋದ ದಿನದ ಕಥೆ ಹೇಳುವ ಅಮ್ಮನ ದನಿಯಷ್ಟೇ ಕೇಳುತ್ತಿತ್ತು. ಬರಬರುತ್ತಾ ಸಂಕೋಚ ಬಿಟ್ಟು ಪ್ರಶ್ನೆ ಕೇಳುವ ಹುಡುಗಿಯ ದನಿಯೂ ಏರಿತು.