ಎರಡೋ ಮೂರೋ

ಗಂಗಾವತಿಯಲ್ಲಿ ನಮ್ಮ ಗ್ಯಾರೇಜಿಗೆ ಬಂದ ಮೊದಲ ಆಟೊಮ್ಯಾಟಿಕ್ ಕಾರು ಕುಷ್ಟಗಿಯ ಒಬ್ಬ ನಿವೃತ್ತ ಶಿಕ್ಷಕಿಯದು, ನಮ್ಮ ಕಡೆಯ ಮಾತಿನಲ್ಲಿ ಅಕ್ಕೋರದು. ಎಡಮೊಣಕಾಲು ನೋವಿನಿಂದ ಕ್ಲಚ್ ತುಳಿಯಲಾಗದೆ ಅದನ್ನು ಕೊಂಡಿದ್ದರು. ಹಿಂದೆ ಯಾವುದೋ ಗ್ಯಾರೇಜಿನವರು ಅವರ ಹೊಸ ಬ್ಯಾಟರಿ ತೆಗೆದು ಹಳೆಯದು ಕೂಡಿಸಿ ಕಳಿಸಿದ್ದರಂತೆ. ಹಾಗಾಗಿ ಅಕ್ಕೋರು, ನಾವು ಬಿಚ್ಚಿದ ಪ್ರತಿ ಸಾಮಾನಿಗೂ ಕೆಂಪು ಉಗುರುಬಣ್ಣದ ಚುಕ್ಕಿ ಇಟ್ಟು, ಕುರ್ಚಿ ಹಾಕಿಕೊಂಡು ಎದುರಿಗೇ ಕುಳಿತರು.

ಗೇರ್‌ಬಾಕ್ಸಿನಿಂದ ಎಣ್ಣೆ ಸೋರುತ್ತಿತ್ತು. ಅದನ್ನು ಇಳಿಸಿ, ಅದರ ಬಾಯೊಳಗಿನ ಟಾರ್ಕ್ ಕನ್ವರ್ಟರ್ ತೆಗೆದು, ಎಣ್ಣೆ ತಡೆಯುವ ಸೀಲ್ ಬದಲಿಸಿ, ಮತ್ತೆ ಕೂಡಿಸಿದೆ. ಟಾರ್ಕ್ ಕನ್ವರ್ಟರ್ ಎಂದರೆ ಇಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ, ಕುಂಬಳಕಾಯಿ ಗಾತ್ರದ ಉಕ್ಕಿನ ಡಬ್ಬಿ. ತಿರುಗಿಸುತ್ತಾ ಕೂಡಿಸಿದರೆ ಅದು ಮೂರು ಸಲ ಕಟ್ ಎಂದು ಒಳಗಿಳಿಯಬೇಕು. ಇಳಿಯಿತು ಅಂದುಕೊಂಡೆ.

ಆದರೆ ಗೇರ್‌ಬಾಕ್ಸನ್ನು ಇಂಜಿನ್ನಿಗೆ ಜೋಡಿಸುವಾಗ ಅರ್ಧ ಬೆರಳಿನಷ್ಟು ಸಂದು ಉಳಿಯಿತು. ನನ್ನ ಪಾಲುದಾರರು, ನನಗಿಂತ ಹಿರಿಯರು, ಬೋಲ್ಟ್ ಬಿಗಿದರೆ ತಾನೇ ಕೂಡುತ್ತದೆ ಎಂದರು. ನನಗೆ ನಂಬಿಕೆ ಬರಲಿಲ್ಲ. ಹಾಗೆ ಎಳೆದರೆ ಒಳಗಿನ ಪಂಪ್ ಒಡೆಯುತ್ತದೆ. ನಾನು ಕೇಳಿದ್ದು ಮೂರು ಸದ್ದೋ, ಎರಡೋ? ನನ್ನ ಕಿವಿಯ ಮೇಲೆಯೇ ಅನುಮಾನ ಬಂತು. ಮತ್ತೆ ಕೆಳಗಿಳಿಸಿದೆ.

ಅಕ್ಕೋರು ಎದ್ದು ಬಂದರು. "ಕೂಡಿಸಿದ್ದನ್ನ ಮತ್ಯಾಕ ಬಿಚ್ಚಾಕತ್ತೀರಿ? ಏನರ ಮುರದೀರೇನು?"

"ಮುರೀಬಾರದಂತನ ಬಿಚ್ಚಾಕತ್ತೀನ್ರಿ, ಅಕ್ಕೋರ."

ಅವರು ಮೊದಲು ಕನ್ವರ್ಟರಿನ ಮೇಲಿನ ಕೆಂಪು ಚುಕ್ಕಿಯನ್ನು ಹುಡುಕಿದರು. ಅದು ಅಲ್ಲೇ ಇತ್ತು. ಗೇರ್‌ಬಾಕ್ಸನ್ನು ಬಾಯಿ ಮೇಲಾಗಿ ನಿಲ್ಲಿಸಿ, ಅವರ ಕೈಯನ್ನೇ ಕನ್ವರ್ಟರಿನ ಮೇಲೆ ಇಡಿಸಿ, ಮೆಲ್ಲಗೆ ತಿರುಗಿಸಲು ಹೇಳಿದೆ. ಒಂದು ಸುತ್ತು, ಇನ್ನರ್ಧ ಸುತ್ತು. ಬಾಕಿಯಿದ್ದ ಮೂರನೇ ಸಲ ಕಟ್ ಎಂದು ಅದು ಅವರ ಅಂಗೈಯಡಿ ಕೆಳಗಿಳಿಯಿತು. ಅವರು ಬೆಚ್ಚಿ ಕೈ ತೆಗೆದರು.

"ಹಂಗಾದ್ರ ಮೊದಲ ಕೂಡಿಸಿದಾಗ ನೀವು ಯಾಕ ನೋಡಲಿಲ್ಲ?"

ಅವಸರ ಮಾಡಿದೆ, ಎರಡನ್ನು ಮೂರೆಂದು ಎಣಿಸಿದೆ ಎಂದು ಒಪ್ಪಿಕೊಂಡೆ. ಅವರು ಕುರ್ಚಿಗೆ ಮರಳಿದರು. ಗೇರ್‌ಬಾಕ್ಸಿನ ಬಾಯಿಗೆ ಅಡ್ಡಪಟ್ಟಿ ಇಟ್ಟು, ಕನ್ವರ್ಟರ್ ಎಷ್ಟು ಆಳಕ್ಕೆ ಇಳಿದಿದೆ ಎಂದು ಅಳೆದೆ, ಸರಿಯಿತ್ತು. ಈ ಸಲ ಬೋಲ್ಟ್ ಹಾಕುವ ಮೊದಲೇ ಗೇರ್‌ಬಾಕ್ಸ್ ಇಂಜಿನ್ನಿಗೆ ಅಂಟಿ ಕೂತಿತು, ಒಳಗೆ ಕನ್ವರ್ಟರ್ ಸಲೀಸಾಗಿ ತಿರುಗಿತು.

ಆದರೂ ಅಕ್ಕೋರು ಗಾಡಿಯನ್ನು ಹಾಗೇ ಒಯ್ಯಲಿಲ್ಲ. ತಾವರಗೇರಾದವರೆಗೆ ನನ್ನಿಂದಲೇ ಓಡಿಸಿದರು, ತಾವು ಹಿಂದೆ ಕುಳಿತು ಕಿವಿಗೊಟ್ಟರು. ಅಲ್ಲಿ ನನ್ನನ್ನು ಬಸ್ ನಿಲ್ದಾಣದ ಹತ್ತಿರ ಇಳಿಸಿ, ನೋವಿನ ಮೊಣಕಾಲನ್ನೇ ನೆಲಕ್ಕೂರಿ ಕಾರಿನಡಿ ಇಣುಕಿ ನೋಡಿ, "ಛಲೋ ಐತಿ, ಸದ್ಯಕ್ಕ" ಎಂದು ಕುಷ್ಟಗಿಯ ಕಡೆ ಹೊರಟರು.

ಅವರು ಮರೆಯಾದ ಮೇಲೆ, ಕಾರು ನಿಂತಿದ್ದ ಜಾಗದಲ್ಲಿ ಎಣ್ಣೆಯ ಹನಿ ಇದೆಯೇ ಎಂದು ನಾನೂ ಬಗ್ಗಿ ನೋಡಿದೆ.