ಗೇಜಿಗೆ ಹಚ್ಚಿದ ಕುಂಕುಮ

೧೯೯೯ರ ಖಂಡೇನವಮಿ. ಹುಬ್ಬಳ್ಳಿ ಬಿಟ್ಟು ಕೆನಡಾಕ್ಕೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಸ್ಟ್ರೀಟ್ಸ್‌ವಿಲ್ ಅನ್ನುವ ಊರಿನಲ್ಲಿ ಒಂದು ಬೇಸ್‌ಮೆಂಟು ಬಾಡಿಗೆಗೆ ಹಿಡಿದಿದ್ದೆವು. ಸಿವಿಲ್ ಡಿಪ್ಲೊಮಾ ಇಟ್ಟುಕೊಂಡು ಗೋದಾಮಿನಲ್ಲಿ ಪೆಟ್ಟಿಗೆ ಹೊತ್ತು ಹೊತ್ತು, ಅಂತೂ ಇಂತೂ ರಸ್ತೆಯ ಮಣ್ಣು ಪರೀಕ್ಷೆ ಮಾಡುವ ಸಣ್ಣ ಕಂಪನಿಯಲ್ಲಿ ನನ್ನ ಲೈನಿನ ಕೆಲಸವೇ ಸಿಕ್ಕಿತ್ತು. ಹೆಂಡತಿ ಶೈಲಾ ಬಸುರಿ. "ಇದೊಂದು ಕೆಲಸ ಗಟ್ಟಿ ಹಿಡಕೋರಿ" ಅಂತ ದಿನಾ ಹೇಳೋಳು.

ಕೆಲಸಕ್ಕೆ ನನ್ನ ಕೈಗೆ ಕೊಟ್ಟಿದ್ದು ಗೇಜು ಅನ್ನುವ ಯಂತ್ರ. ರೋಲರ್ ಓಡಿಸಿದ ಮೇಲೆ ಮಣ್ಣು ಎಷ್ಟು ಗಟ್ಟಿಯಾಗಿದೆ ಅಂತ ಅಳೆಯುತ್ತದೆ. ಅದರ ಹೊಟ್ಟೆಯಲ್ಲಿ ಚೂರು ವಿಕಿರಣ ಸೂಸುವ ವಸ್ತು ಇರುತ್ತದೆ. ಹಾಗಾಗಿ ಅದನ್ನು ಇಟ್ಟುಕೊಳ್ಳಲು ಲೈಸೆನ್ಸ್ ಬೇಕು. ಆಗ ಅಲ್ಲಿ ಅಣುಶಕ್ತಿಯನ್ನು ನೋಡಿಕೊಳ್ಳಲು ಒಂದು ಸರ್ಕಾರಿ ಮಂಡಳಿ ಇತ್ತು. ದೊಡ್ಡ ಅಣುಸ್ಥಾವರದಿಂದ ಹಿಡಿದು ನಮ್ಮ ಗೇಜಿನವರೆಗೆ ಎಲ್ಲಕ್ಕೂ ಲೈಸೆನ್ಸ್ ಅವರದೇ. ಹೇಳದೆ ಕೇಳದೆ ತಪಾಸಣೆಗೆ ಬರುತ್ತಿದ್ದರು.

ಅನ್ನ ಕೊಡುವ ಯಂತ್ರಕ್ಕೆ ಖಂಡೇಪೂಜೆ ಮಾಡದೆ ಹೇಗೆ ಬಿಡಲಿ? ಬೆಳಿಗ್ಗೆ ಬೇಗ ಹೋಗಿ ಸ್ಟೋರ್ ರೂಮು ತೆಗೆದೆ. ಜೆರಾರ್ಡ್ ಬಜಾರಿನ ನಮ್ಮ ದೇಶದವರ ಅಂಗಡಿಯಿಂದ ಶೈಲಾ ತಂದಿದ್ದ ಅರಿಶಿನ, ಕುಂಕುಮ ನನ್ನ ಹತ್ತಿರ ಇತ್ತು. ಗೇಜಿನ ಹಣೆ ಯಾವುದು ಅಂತ ಹುಡುಕಿದೆ. ನಟ್ಟನಡುವೆ ಮೂರು ಎಸಳಿನ ಗುರುತು ಕಂಡಿತು. ಅಲ್ಲೇ ಧಾರಾಳವಾಗಿ ಮೆತ್ತಿ, ಹೂ ಇಟ್ಟು ಕೈ ಮುಗಿದೆ. ಅದು ವಿಕಿರಣದ ಎಚ್ಚರಿಕೆ ಗುರುತು ಅಂತ ಟ್ರೇನಿಂಗಿನಲ್ಲಿ ಹೇಳಿದ್ದರು. ಭಕ್ತಿಯ ಭರದಲ್ಲಿ ಅದೆಲ್ಲಿ ನೆನಪಾಗಬೇಕು!

ಅವತ್ತೇ ಇನ್‌ಸ್ಪೆಕ್ಟರ್ ಬರಬೇಕೆ? ಹೆಸರು ಗ್ರಾಂಟ್, ತಲೆ ನರೆತ ಎತ್ತರದ ಮನುಷ್ಯ. ಅವರನ್ನು ಸ್ಟೋರ್ ರೂಮಿಗೆ ಕರೆತಂದದ್ದು ನಮ್ಮ ಮಾಲೀಕ ಟೋನಿ. ಗ್ರಾಂಟ್ ಬಾಗಿಲಲ್ಲೇ ನಿಂತುಬಿಟ್ಟರು. ಗೇಜಿನ ಮೇಲೆ ಹಳದಿ ಪುಡಿ, ಕೆಂಪು ಪುಡಿ! ಎಲ್ಲರನ್ನೂ ಹೊರಗೆ ಕಳಿಸಿ, ಕೈಗೆ ಗ್ಲೌಸ್ ಹಾಕಿ, ಚೀಲದಿಂದ ವಿಕಿರಣ ಅಳೆಯುವ ಮೀಟರ್ ತೆಗೆದರು. ಟೋನಿ ನನ್ನ ಮುಖ ನೋಡಿದ, ನಾನು ನೆಲ ನೋಡಿದೆ. ಲೈಸೆನ್ಸ್ ಹೋದರೆ ಕಂಪನಿ ಕೆಲಸ ನಿಲ್ಲುತ್ತದೆ, ನಾನು ಮತ್ತೆ ಗೋದಾಮಿಗೆ. ಬಸುರಿ ಹೆಂಡತಿಗೆ ಯಾವ ಬಾಯಲ್ಲಿ ಹೇಳಲಿ?

ಮೀಟರಿನಲ್ಲಿ ಇರಬೇಕಾದ್ದಕ್ಕಿಂತ ಹೆಚ್ಚೇನೂ ಕಾಣಲಿಲ್ಲ. ಪುಡಿ ಏನು ಅಂತ ಕೇಳಿದರು. ಅಡುಗೆಗೆ ಹಾಕುವ ಅರಿಶಿನ, ನಮ್ಮ ಹೆಂಗಸರು ಹಣೆಗೆ ಇಡುವ ಕುಂಕುಮ ಅಂತ ತೊದಲುತ್ತಾ ಹೇಳಿದೆ. ವರ್ಷಕ್ಕೊಮ್ಮೆ ಕೆಲಸದ ಸಾಮಾನಿಗೆ ನಮಸ್ಕಾರ ಹೇಳುವ ಹಬ್ಬ ಅಂತ ವಿವರಿಸಿದೆ. ಅವರು ನಗಲಿಲ್ಲ, ಬೈಯಲೂ ಇಲ್ಲ.

"ನಮಸ್ಕಾರ ಹೇಳು, ತಪ್ಪಿಲ್ಲ. ಆದರೆ ಈ ಗುರುತು ಮುಚ್ಚಬೇಡ. ಒಳಗೆ ಏನಿದೆ ಅಂತ ಗೊತ್ತಿಲ್ಲದವರಿಗೋಸ್ಕರ ಇದನ್ನು ಹಾಕಿರೋದು."

ಪಕ್ಕದಲ್ಲೇ ನಿಂತು ನನ್ನ ಕೈಯಿಂದಲೇ ಪುಡಿ ಒರೆಸಿ ತೆಗೆಸಿದರು. ಅಷ್ಟು ಹೊತ್ತು ಮಂಡಳಿಯ ಕತೆ ಹೇಳಿದರು. ಮಹಾಯುದ್ಧ ಮುಗಿದ ಮೇಲೆ ಅದು ಹುಟ್ಟಿತಂತೆ. ಆಗ ಅಣುವಿನ ಗುಟ್ಟು ಕಾಯುವುದೇ ಅದರ ದೊಡ್ಡ ಕೆಲಸ. ಬರಬರುತ್ತಾ ಜನರ ಆರೋಗ್ಯ ಕಾಯುವ ಕೆಲಸವೇ ದೊಡ್ಡದಾಯಿತಂತೆ. ಈಗ ಹೊಸ ಕಾನೂನು ಬಂದಿದೆ, ಸದ್ಯದಲ್ಲೇ ಮಂಡಳಿ ಮುಚ್ಚಿ ಬೇರೆ ಹೆಸರಿನ ಆಯೋಗ ಬರುತ್ತದೆ ಅಂದಾಗ ಅವರ ದನಿ ಸ್ವಲ್ಪ ಸಣ್ಣದಾಯಿತು. ಪ್ರಾಯದಿಂದ ಅಲ್ಲೇ ದುಡಿದವರಂತೆ. ಗುರುತು ಮುಚ್ಚಿದ್ದನ್ನು ಬರೆದುಕೊಂಡು, ಲೈಸೆನ್ಸ್ ಮುಟ್ಟದೆ ಹೋದರು. ಶೈಲಾ ಕಟ್ಟಿಕೊಟ್ಟಿದ್ದ ಹೋಳಿಗೆ ಕೊಡಲು ಹೋದರೆ, ತಪಾಸಣೆಗೆ ಬಂದಾಗ ಚಹಾನೂ ಕುಡಿಯಲ್ಲ ಅಂದರು. ಮನೆಗೆ ಹೋಗಿ ಹೇಳಿದಾಗ ಶೈಲಾ ತಲೆ ಚಚ್ಚಿಕೊಂಡು, "ಹಣಿ ಹುಡುಕಾಕ ಹೋಗಿ ಹಣಿಬರಾನ ಅಳಿಸ್ಕೊಂಡು ಬರ್ತಿದ್ರಿ" ಅಂದಳು. ಆಮೇಲೆ ಇಬ್ಬರೂ ನಕ್ಕೆವು.

ಮರುವರ್ಷ ಬೇಸಿಗೆಗೆ ಮೊದಲೇ ಮಂಡಳಿ ಮುಚ್ಚಿ ಆಯೋಗ ಬಂತು. ಅಷ್ಟರಲ್ಲಿ ನಮಗೆ ಮಗಳು ಹುಟ್ಟಿದ್ದಳು. ನವರಾತ್ರಿ ಹತ್ತಿರ ಬಂದಾಗ ಗ್ರಾಂಟ್ ಫೋನು ಮಾಡಿ, ನಿಮ್ಮ ಹಬ್ಬ ಯಾವತ್ತು ಅಂತ ಕೇಳಿದರು. ಮತ್ತೆ ಏನು ಕಾದಿದೆಯೋ ಅಂದುಕೊಳ್ಳುತ್ತಲೇ ದಿನ ಹೇಳಿದೆ. ಹಬ್ಬದ ದಿನ ಬಂದವರೇ ಪೂರ್ತಿ ತಪಾಸಣೆ ಮಾಡಿದರು. ಒಂದು ಬೀಗದ ಕೊಂಡಿ ಸಡಿಲ ಇದ್ದದ್ದನ್ನೂ ಬಿಡಲಿಲ್ಲ. ಎಲ್ಲ ಮುಗಿದ ಮೇಲೆ ಚೀಲದಿಂದ ಅದೇ ಹಳೇ ಮೀಟರ್ ತೆಗೆದು ಗೇಜಿನ ಪಕ್ಕ ಇಟ್ಟರು. ಮುಚ್ಚಿಹೋದ ಮಂಡಳಿಯ ಸ್ಟಿಕ್ಕರ್ ಇನ್ನೂ ಅದರ ಮೇಲಿತ್ತು.

"ನನಗೆ ಹೊಸದು ಕೊಟ್ಟಿದ್ದಾರೆ. ಇದನ್ನು ನಾಳೆ ವಾಪಸ್ ಕೊಡಬೇಕು. ಇದಕ್ಕೆ ಯಾರೂ ಥ್ಯಾಂಕ್ಸ್ ಹೇಳಿಲ್ಲ."

ಅರಿಶಿನ, ಕುಂಕುಮ ಬೆರಳಿಗೆ ತಗೊಂಡು ಮೀಟರಿನ ಹತ್ತಿರ ಹೋದೆ. ಅವರು ನನ್ನ ಕೈ ಹಿಡಿದು, ಸ್ಟಿಕ್ಕರ್ ಬಿಟ್ಟು, ಹಿಡಿಕೆಯ ಕಡೆ ತಿರುಗಿಸಿದರು. ಹಿಡಿಕೆಗೆ ಹಚ್ಚಿದೆ. ನನ್ನನ್ನು ನೋಡಿ ಅವರೂ ಕೈ ಮುಗಿದರು. ಅವತ್ತೂ ಹೋಳಿಗೆ ಮುಟ್ಟಲಿಲ್ಲ.

ಆ ಕೆಲಸ ಬಿಟ್ಟು ಎಷ್ಟೋ ಕಾಲವಾಯಿತು. ಈಗಲೂ ಖಂಡೇನವಮಿಗೆ ಕಾರಿಗೆ ಕುಂಕುಮ ಹಚ್ಚುವಾಗ, ಯಾರೋ ಕೈ ಹಿಡಿದು ಸ್ವಲ್ಪ ಪಕ್ಕಕ್ಕೆ ಸರಿಸಿದ ಹಾಗೆ ಅನಿಸುತ್ತದೆ.